ತಿರುಗದ ಮುಂದಿನ ಚಕ್ರ

ಮೊನ್ನೆ ರಾಗಿಗುಡ್ಡದ ಈ ಮನೆಯ ಮುಂದೆ ನಿಮ್ಮಪ್ಪ ಸ್ಕೂಟರಿನ ಚಕ್ರ ಬಿಚ್ಚಿಕೊಂಡು ಕೂತಿದ್ದ. ಡೀಸೆಲ್ಲು, ಹಳೇ ಗ್ರೀಸು ಬೆರೆತ ವಾಸನೆ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಹಾಕುತ್ತಿದ್ದ ಈ ಅಜ್ಜಿಯ ಕೈ ಹಾಗೇ ನಿಂತಿತು... ಭದ್ರಾವತಿಯ ಪಕ್ಕದ ಮನೆಯ ಅಣ್ಣ ನೆನಪಾದರು. ಮಕ್ಕಳೇ, ನೀವು ಅವರನ್ನು ನೋಡಿಲ್ಲ.

ನಿಮ್ಮ ತಾತನೂ ಅವರೂ ಕಬ್ಬಿಣದ ಕಾರ್ಖಾನೆಯಲ್ಲಿ ಒಂದೇ ಕುಲುಮೆಯ ಮುಂದೆ ದುಡಿದವರು. ತಮಿಳು ಮನೆಮಾತಿನ ಅವರಿಗೆ ನಾನು ತಂಗಚ್ಚಿ, ಅಂದರೆ ತಂಗಿ. ತಾತ ತೀರಿಕೊಂಡ ಮೇಲೆ ತಾತನ ಬೈಕು ಗೋಡೆ ಪಕ್ಕದಲ್ಲಿ ನಿಂತೇ ಇತ್ತು. ಪ್ರತಿ ಆಯುಧಪೂಜೆಗೆ ಅಣ್ಣ ಬಂದು, ಕೊಡಗಟ್ಟಲೆ ನೀರು ಸುರಿದು ತೊಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ ಹೋಗುತ್ತಿದ್ದರು. ಓಡಿಸುವವರು ಯಾರೂ ಇರಲಿಲ್ಲ.

ನಾನು ಶಿವಮೊಗ್ಗಕ್ಕೆ, ನಿಮ್ಮ ಈ ಮನೆಗೆ ಬರುವುದೆಂದಾಯಿತು. ಗಾಡಿ ಓಡಿದರೆ ತರೋಣ, ಇಲ್ಲದಿದ್ದರೆ ಭಾನುವಾರ ಗುಜರಿಯವನಿಗೆ ಎಂದ ನಿಮ್ಮಪ್ಪ. ನೋಡಿದರೆ ಮುಂದಿನ ಚಕ್ರ ತಿರುಗುತ್ತಲೇ ಇಲ್ಲ.

"ನೀನು ಸುಮ್ನಿರು ತಂಗಚ್ಚಿ, ನಾನು ಬಿಡಿಸ್ತೀನಿ," ಎಂದು ಅಣ್ಣ ಚಕ್ರ ಕಳಚಿ ಕೂತರು. ಅದರ ನಡುವಿನ ಬೇರಿಂಗು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಡೀಸೆಲ್ ಬಿಟ್ಟರು, ರಾಡು ಕೊಟ್ಟು ಸುತ್ತಿಗೆಯಲ್ಲಿ ಹೊಡೆದರು. ಒಳಗಿನ ಗುಂಡುಗಳೆಲ್ಲ ಉದುರಿದವು. ಹೊರಗಿನ ಬಳೆ ಮಾತ್ರ ಕದಲಲಿಲ್ಲ. ಬಿಸಿಗೆ ಚಕ್ರದ ನಡುಭಾಗ ಹಿಗ್ಗಿ ಬಳೆ ಬಿಟ್ಟುಕೊಡುತ್ತದೆ ಎಂದರು. ನಾನು ಹಂಡೆಯಲ್ಲಿ ನೀರು ಕುದಿಸಿ ಕೊಟ್ಟೆ. ಹೊಯ್ದರು. ಅದಕ್ಕೂ ಜಗ್ಗಲಿಲ್ಲ.

"ಕಬ್ಬಿಣ ಕರಗ್ಸಿದ ಗಂಡಸು! ಒಂದು ಬಳೆ ಬಿಡ್ಸಕ್ಕಾಗಲ್ವಾ ಮಾರಾಯ್ರೇ?" ಎಂದು ಅವರ ಹೆಂಡತಿ ಕಾಂಪೌಂಡಿನಾಚೆಯಿಂದ ನಕ್ಕರು.

ಅಣ್ಣ ನಗಲಿಲ್ಲ. ಚಕ್ರದಿಂದ ಕೆಂಪಗೆ ಇಳಿಯುತ್ತಿದ್ದ ತುಕ್ಕುನೀರನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. "ಪೂಜೆ ನೀರು ತಂಗಚ್ಚಿ... ವರ್ಷ ವರ್ಷ ನಾನೇ ಹೊಯ್ದಿದ್ದು."

ಆಮೇಲೆ ಉಳಿಯಿಟ್ಟು ಬಲವಾಗಿ ಹೊಡೆದರು. ಚಕ್ರದ ನಡುಭಾಗವೇ ಸೀಳಿಹೋಯಿತು. ಅಷ್ಟು ಹಳೇ ಗಾಡಿಗೆ ಇನ್ನೊಂದು ಚಕ್ರ ಎಲ್ಲೂ ಸಿಗಲಿಲ್ಲ.

ಭಾನುವಾರ ಗುಜರಿಯವನು ಬೈಕನ್ನು ನೆಲದ ಮೇಲೆ ಎಳೆಯಲು ಹೋದ. "ಎಳೀಬೇಡ್ವೋ, ಕೈ ತೆಗಿ!" ಎಂದು ಅಣ್ಣ ಗದರಿದರು. ಚಕ್ರವಿಲ್ಲದ ಮುಂಭಾಗವನ್ನು ತಾವೇ ಎತ್ತಿ ಹಿಡಿದು ಬೀದಿಯ ಕೊನೆಯವರೆಗೂ ನಡೆದರು. ನಿಮ್ಮ ತಾತನನ್ನು ಒಯ್ದ ದಿನವೂ ಮುಂದೆ ಹೆಗಲು ಕೊಟ್ಟವರು ಅವರೇ...

ಸೇಲಂನಲ್ಲಿ, ತಮ್ಮ ಮಗಳ ಮನೆಯಲ್ಲಿ, ಅಣ್ಣ ತೀರಿಕೊಂಡರೆಂದು ಕಳೆದ ವರ್ಷ ಫೋನು ಬಂತು. ಅಲ್ಲಿ ಅವರಿಗೆ ಯಾರು ಹೆಗಲು ಕೊಟ್ಟರೋ.