ಈ ಸಲದ ಸೀಸನ್ ಯಾಕೋ ಮಬ್ಬು

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮನೆಯಲ್ಲಿ ಸೇರುತ್ತಿದ್ದವರು ಮೂರೇ ಜನ. ನಾನು, ನನ್ನ ಹೆಂಡತಿ ಮಂಜುಳಾ, ಎದುರು ರೂಮಿನ ಶಂಕ್ರಪ್ಪ. ಪೀಣ್ಯದ ವಠಾರ ನಮ್ಮದು. ಕೆಳಗೆ ಗ್ರೈಂಡಿಂಗ್ ಶೆಡ್ಡು, ಮೇಲೆ ನಾವು. ಭಾನುವಾರ ಶೆಡ್ಡಿಗೆ ರಜೆ, ಹಾಗಾಗಿ ವಾರಕ್ಕೊಮ್ಮೆ ನಮ್ಮ ಮಾತು ನಮಗೆ ಕೇಳಿಸುತ್ತಿತ್ತು. ಆ ಹೊತ್ತಿನಲ್ಲಿ ನಾವು ಟೀವಿ ಮುಂದೆ ಕೂತು ನೋಡುತ್ತಿದ್ದುದು ಜಪಾನಿನ ಅನಿಮೆ. ನಗಬೇಡಿ. ನಲವತ್ತರ ಆಸುಪಾಸಿನವರು ಗೊಂಬೆ ಚಿತ್ರ ನೋಡುತ್ತಾರೆಂದು ನಮ್ಮ ಓನರಮ್ಮ ನಕ್ಕಿದ್ದು ಸಾಕು.

ಇವತ್ತು ಫೋನು ಟಿಣ್ ಎಂದಿತು. ಹೊಸ ಸೀಸನ್ ಶುರುವಾಗಿದೆಯಂತೆ. ಮಂಜುಳಾ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದೇ ಬಾಗಿಲಿಗೆ ಬಂದು, "ನೋಡೋಣ್ವಾ?" ಅಂದಳು. ನಾನು ಫೋನನ್ನು ಬೋರಲು ಹಾಕಿದೆ. ಅವಳಿಗೆ ಹೇಳಲಾರದ್ದನ್ನು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಹೋದ ವರ್ಷ ಒಂದು ಇಡೀ ಸೀಸನ್ ಉದ್ದಕ್ಕೂ ಶಂಕ್ರಪ್ಪನ ಕಣ್ಣು ಹೋಗುತ್ತಾ ಇತ್ತು. ಪಕ್ಕದಲ್ಲೇ, ಮೊಣಕೈ ತಾಗುವ ಹಾಗೆ ಕೂತಿದ್ದ ನನಗೆ ಅದು ಗೊತ್ತಾಗಲಿಲ್ಲ.

ಸೀಸನ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಜಪಾನಿನಲ್ಲಿ ಮೂರು ತಿಂಗಳಿಗೊಮ್ಮೆ ಹೊಸ ಅನಿಮೆಗಳು ಒಟ್ಟಿಗೇ ಹೊರಡುತ್ತವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ವರ್ಷಕ್ಕೆ ನಾಲ್ಕು ಹಬ್ಬ ಅಂದುಕೊಳ್ಳಿ. ಒಂದೊಂದು ಸಲಕ್ಕೆ ಮೂವತ್ತು ನಲವತ್ತು ಕಥೆಗಳು. ಎಲ್ಲವನ್ನೂ ನೋಡಲು ಕೆಲಸ ಬಿಟ್ಟು ಕೂರಬೇಕು. ಅದಕ್ಕೆ ಶಂಕ್ರಪ್ಪ ನಮ್ಮ ಕಾರ್ಖಾನೆಯ ಪದ್ಧತಿಯನ್ನೇ ಮನೆಗೆ ತಂದಿದ್ದ.

ನಾನು ಲೇತ್ ನಡೆಸುವವನು, ಅವನು ಅದೇ ಕಾರ್ಖಾನೆಯ ಇನ್ಸ್‌ಪೆಕ್ಟರ್. ಹೊಸ ಜಾಬಿಗೆ ಯಂತ್ರ ಸೆಟ್ ಮಾಡಿದಾಗ ಮೊದಲು ಹೊರಬಂದ ತುಂಡನ್ನು ಅವನ ಮೇಜಿಗೆ ಒಯ್ಯಬೇಕು. ಅದಕ್ಕೆ ಫಸ್ಟ್ ಪೀಸ್ ಅನ್ನುತ್ತೇವೆ. ಅವನು ಅಳೆದು, ಬೆಳಕಿಗೆ ಹಿಡಿದು, ತಿರುಗಿಸಿ, "ಹೂಂ, ಓಡಸು" ಅಂದ ಮೇಲೆಯೇ ಉಳಿದ ಐನೂರೋ ಸಾವಿರವೋ ತುಂಡುಗಳು. ಅನಿಮೆಗೂ ಹಾಗೇ. ಮೊದಲ ಕಂತು ಫಸ್ಟ್ ಪೀಸ್. ಪಾಸಾದರೆ ಮುಂದಿನ ಭಾನುವಾರಗಳಿಗೆ ಉಂಟು, ಇಲ್ಲದಿದ್ದರೆ ಇಲ್ಲ. ಮೇಲ್ಮನವಿಗೆ ಅವಕಾಶವೇ ಇರಲಿಲ್ಲ.

ಅವನ ಕಣ್ಣು ಎಂಥದೆಂದರೆ, ಒಂದು ಸಲ ಹುಡುಗಿಯೊಬ್ಬಳು ಸೈಕಲ್ಲಿನಲ್ಲಿ ಹೋಗುವ ದೃಶ್ಯವನ್ನು ನಿಲ್ಲಿಸಿ, "ಆಕಿ ಕೋಟಿಗೆ ಐದು ಗುಂಡಿ ಇದ್ದೂವಲೇ ದೋಸ್ತ, ಸೇತುವಿ ದಾಟೂದ್ರಾಗ ನಾಕಾದ್ವು," ಅಂದ. ಹಿಂದಕ್ಕೆ ಹೋಗಿ ಎಣಿಸಿದೆವು. ನಾಲ್ಕೇ! ಅಷ್ಟು ದೂರದ ಜಪಾನಿನವರು ಮಾಡಿದ ತಪ್ಪನ್ನು ಗಂಗಾವತಿಯವನೊಬ್ಬ ಪೀಣ್ಯದಲ್ಲಿ ಹಿಡಿದನಲ್ಲ ಎಂದು ಮಂಜುಳಾ ಅವತ್ತು ಎರಡನೇ ಸಲ ಟೀ ಮಾಡಿದಳು.

ನನ್ನ ಕೆಲಸ ಓದುವುದು. ಕೆಳಗೆ ಇಂಗ್ಲಿಷಿನಲ್ಲಿ ಸಾಲು ಬರುತ್ತದಲ್ಲ, ಅದನ್ನು ಕನ್ನಡ ಮಾಡಿ ಹೇಳುವುದು. ಮಂಜುಳೆಗೆ ಇಂಗ್ಲಿಷ್ ಬಾರದು, ಶಂಕ್ರಪ್ಪನಿಗೆ ನಿಧಾನ. ನನಗೆ ಮಾತು ಕಲಿಸಿದವಳು ನಮ್ಮಜ್ಜಿ, ಕುಣಿಗಲ್ ಕಡೆಯವಳು. ಒಂದು ಹಿಡಿ ಕಥೆಗೆ ಒಂದು ಮೂಟೆ ಮಾತು ಸೇರಿಸುವವಳು. ಹಾಗಾಗಿ ನನ್ನ ಬಾಯಲ್ಲಿ ಟೋಕಿಯೋದ ಕಾಲೇಜು ಹುಡುಗನೂ "ಅಯ್ಯೋ ನನ್ನ ಕರ್ಮವೇ, ಈ ಮೂಳನ ಕೈಲಿ ಏನಾದೀತು" ಎಂದೇ ಮಾತಾಡುತ್ತಿದ್ದ. ಶಂಕ್ರಪ್ಪ ಬಿಡುತ್ತಿರಲಿಲ್ಲ.

"ಏ ಮಾರಾಯಾ, ಅಲ್ಲಿ ಎರಡ ಶಬ್ದ ಅದಾವ. ನೀ ಅರ್ಧ ತಾಸಿಂದ ಹೇಳಾಕತ್ತಿ!"

"ಭಾವಾರ್ಥ ಕಣಯ್ಯಾ."

"ಭಾವ ಐತಿ, ಅರ್ಥ ಎಲ್ಲೈತಿ? ಮೂರೂವರಿ ಮಿಲಿಮೀಟರ್ ಜಾಸ್ತಿ. ರಿಜೆಕ್ಟ್."

ಹೋದ ಅಕ್ಟೋಬರ್ ಸೀಸನ್ನಿನ ಮೊದಲ ಭಾನುವಾರ ಅವನು ಹೀಗೆ ಒಂದು ಸಲವೂ ತಡೆಯಲಿಲ್ಲ. ನಾನು ಸೇರಿಸಿದೆ, ಅವನು ಸುಮ್ಮನಿದ್ದ. ಇನ್ನಷ್ಟು ಸೇರಿಸಿದೆ, ತಲೆಯಾಡಿಸಿದ. ಮುಖ ನನ್ನ ಕಡೆಗೇ ಇತ್ತು. ನೀವೇ ಹೇಳಿ, ಹತ್ತು ವರ್ಷ ನಿಮ್ಮ ಪ್ರತಿ ಮಾತಿಗೆ ಅಡ್ಡಬಂದವನು ಒಂದು ದಿನ ಮಗುವಿನ ಹಾಗೆ ಕೇಳುತ್ತಾ ಕೂತರೆ ಏನನ್ನಿಸುತ್ತದೆ? ನನಗೆ ನನ್ನ ಕಲೆ ಮಾಗಿತು ಅನ್ನಿಸಿತು. ಸಂಜೆ ಮಂಜುಳೆಗೆ ಹೇಳಿಯೂ ಬಿಟ್ಟೆ. ಅವಳು "ಹೌದೌದು, ಇನ್ನು ಸನ್ಮಾನ ಒಂದು ಬಾಕಿ," ಅಂದಳು.

ಆ ಸಲದ ಕಥೆಗಳು ನನಗೆ ಈಗಲೂ ಬಾಯಿಪಾಠ. ಹಿಮ ಮುಚ್ಚಿದ ರೈಲ್ವೆ ನಿಲ್ದಾಣವೊಂದರಲ್ಲಿ ಬಾರದ ರೈಲಿಗೆ ದಿನಾ ಬಾವುಟ ಹಿಡಿಯುವ ಹೆಂಗಸಿನದು ಒಂದು. ಅಂಥ ಚಿತ್ರಗಾರಿಕೆ ನಾನು ನೋಡಿಲ್ಲ; ಹಿಮದ ಮೇಲೆ ಕಾಗೆಯ ಹೆಜ್ಜೆ ಕೂಡ ಬಿಟ್ಟಿರಲಿಲ್ಲ. ಶಂಕ್ರಪ್ಪ, "ಏನೂ ಇಲ್ಲ, ಬರೇ ಬೆಳ್ಳಗ ಐತಿ," ಎಂದು ತೆಗೆದುಹಾಕಿದ. ಲಾರಿ ಹೊಡೆದು ಸತ್ತವನು ಬೇರೆ ಲೋಕದಲ್ಲಿ ಹುಟ್ಟಿ ಬಾವಿ ತೋಡುವುದು ಇನ್ನೊಂದು. ಇಂಥವು ಪ್ರತಿ ಸೀಸನ್ನಿನಲ್ಲೂ ಮೂರಾದರೂ ಇರುತ್ತವೆ. ನಮ್ಮ ತುಮಕೂರು ರಸ್ತೆಯ ಲಾರಿಗಳು ಹೊಡೆದವರು ಎಲ್ಲೂ ಹುಟ್ಟಿದ ಸುದ್ದಿ ಇಲ್ಲ. ಅದಕ್ಕೂ ರಿಜೆಕ್ಟ್: "ಬರೇ ಕತ್ತಲಿ ಐತಿ." ಪಾಸಾದದ್ದು ಒಂದೇ, ಕೊಳಲು ಕಲಿಸುವ ಮುದುಕನ ಕಥೆ. ಅದರ ಚಿತ್ರ ತೀರಾ ಸಾಧಾರಣ. ಆದರೆ ಶಂಕ್ರಪ್ಪ ಕಣ್ಣು ಮುಚ್ಚಿ ಕೂತು, "ಇದು ಓಡಲಿ," ಅಂದ.

"ಈ ಸಲದ ಸೀಸನ್ ಯಾಕೋ ಮಬ್ಬಲೇ," ಅಂದ ಕೊನೆಗೆ. ನಾನು ಎದ್ದು ಟೀವಿ ಒರೆಸಿದೆ. ಬೆಳಕು ಜಾಸ್ತಿ ಮಾಡಿದೆ. ಕಿಟಕಿಗೆ ಮಂಜುಳೆಯ ಸೀರೆ ಕಟ್ಟಿದೆ. ಅವನು ಪ್ರತಿ ಸಲವೂ, "ಈಗ ಛಲೋ ಆತು," ಅಂದ.

ಕಣ್ಣಿಗೆ ಕಾಣಿಸಿದ್ದು ಫೇಲು, ಕಿವಿಗೆ ಕೇಳಿಸಿದ್ದು ಪಾಸು. ಇಷ್ಟು ಸರಳವಾದ ಲೆಕ್ಕ. ದಿನಾ ಮೈಕ್ರೋಮೀಟರ್ ಹಿಡಿಯುವ ನನಗೆ ಹೊಳೆಯಲಿಲ್ಲ.

ನವೆಂಬರಿನಲ್ಲಿ ಗಿರಾಕಿಯ ಕಡೆಯಿಂದ ಒಂದು ಪೆಟ್ಟಿಗೆ ಮಾಲು ವಾಪಸ್ ಬಂತು. ರಂಧ್ರದೊಳಗೆ ಕೂದಲಿನಂಥ ಗೀರು. ಓಡಿಸಿದವನು ನಾನು, ಪಾಸು ಮಾಡಿದವನು ಅವನು. ಸೂಪರ್‌ವೈಸರ್ ಇಬ್ಬರನ್ನೂ ನಿಲ್ಲಿಸಿದಾಗ ನಾನು ನನ್ನ ತಲೆ ಉಳಿಸಿಕೊಳ್ಳಲು ಎಲ್ಲರೆದುರು ಅಂದೆ: "ಫಸ್ಟ್ ಪೀಸ್ ನೋಡುವಾಗ ಕಣ್ಣೆಲ್ಲಿಟ್ಟಿದ್ದೆ ಮಾರಾಯ?" ಅವನು ಆ ತುಂಡನ್ನು ಬೆರಳಲ್ಲಿ ತಿರುಗಿಸುತ್ತಾ, "ನಂದ ತಪ್ಪು, ಆತು ಬಿಡ್ರಿ," ಎಂದ. ಸಂಜೆ ಒಟ್ಟಿಗೇ ನಡೆದು ಬಂದೆವು. ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ಕೈ ಹಾಕಿದ್ದ. ಕ್ಷಮಿಸಿದ್ದಾನೆ, ದೊಡ್ಡ ಮನಸ್ಸು, ಎಂದುಕೊಂಡೆ.

ಕಂಡುಹಿಡಿದವಳು ಮಂಜುಳಾ. ಡಿಸೆಂಬರಿನ ಒಂದು ಭಾನುವಾರ, ಕೊಳಲಿನ ಮುದುಕನ ಹತ್ತನೇ ಕಂತೋ ಹನ್ನೊಂದನೆಯದೋ. ನಾನು ಹಾಲು ತರಲು ಕೆಳಗೆ ಇಳಿದಿದ್ದೆ. ಟೀವಿಯ ವೈರು ಸಡಿಲವಾಗಿ ಚಿತ್ರ ಹೋಗಿ, ಶಬ್ದ ಮಾತ್ರ ಉಳಿದಿತ್ತು. ಅಡುಗೆಮನೆಯಿಂದ ಬಂದವಳು ನೋಡುತ್ತಾಳೆ: ಪರದೆ ಪೂರ್ತಿ ಕಪ್ಪು, ಅದರ ಮುಂದೆ ಶಂಕ್ರಪ್ಪ ನೆಟ್ಟಗೆ ಕೂತು ಗಮನವಿಟ್ಟು ನೋಡುತ್ತಿದ್ದಾನೆ.

"ಹೇಗಿದೆ ಅಣ್ಣಾ?" ಎಂದಳಂತೆ.

"ಅಡವ್ಯಾಗ ರಾತ್ರಿ ಆಗೈತಿ ಕಾಣ್ತೈತಿ ತಂಗೀ. ಚಿತ್ರ ತಗದಾರ ಛಲೋ."

ನಾನು ಹಾಲು ಹಿಡಿದು ಮೆಟ್ಟಿಲು ಹತ್ತಿದಾಗ ಅವಳು ಹೊರಗೆ, ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದಳು.

ಮಾರನೆಯ ದಿನ ರಜೆ ಹಾಕಿ ಕಣ್ಣಿನ ಆಸ್ಪತ್ರೆಗೆ ಹೋದೆವು. ಸಕ್ಕರೆ ಕಾಯಿಲೆ. ಅದು ಇದೆಯೆಂದೇ ಅವನಿಗೆ ಗೊತ್ತಿರಲಿಲ್ಲವಂತೆ. ಒಳಗೊಳಗೇ ಕಣ್ಣಿನ ಹಿಂದೆ ರಕ್ತ ಇಳಿದಿತ್ತು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬೈಯಲಿಲ್ಲ. ಬಲಗಣ್ಣು ಇನ್ನು ಬರುವುದಿಲ್ಲ, ಎಡಗಣ್ಣಿನಲ್ಲಿ ಉಳಿದಿರುವಷ್ಟನ್ನು ಕಾಪಾಡಲು ನೋಡೋಣ ಎಂದರು. ಬೆಳಕು, ನೆರಳು, ಆಳು ನಿಂತಿದ್ದರೆ ಆಳು ಎನ್ನುವಷ್ಟು. "ಒಂದು ಮೂರು ತಿಂಗಳು ಮೊದಲು ಬಂದಿದ್ರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಮೂರು ತಿಂಗಳು. ನಾವು ಅದನ್ನು ಏನೆಂದು ಕರೆಯುತ್ತಿದ್ದೆವೆಂದು ಅವರಿಗೆ ಗೊತ್ತಿರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಕೇಳಿದೆ: "ನನಗಾದ್ರೂ ಹೇಳಬಾರದಿತ್ತೇನಯ್ಯಾ?"

"ಹೇಳಿದ್ರ ಆ ಮೇಜಿಂದ ಎಬ್ಬಸ್ತಾರ. ಕಣ್ಣಿಲ್ಲದ ಇನ್ಸ್‌ಪೆಕ್ಟರನ್ನ ಯಾರ ಇಟ್ಕೋತಾರ?"

"ಕಾರ್ಖಾನೆ ಬಿಡು. ನನಗೆ, ಮನೆಯಲ್ಲಿ."

ಅವನು ಆಸ್ಪತ್ರೆಯ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಆಮೇಲೆ, "ನೀ ಅಷ್ಟ ಖುಷೀಲೆ ಓದತಿದ್ದಿ," ಎಂದ. "ಕೆಡಸೂದು ಯಾಕ ಅಂದೆ."

ನಮ್ಮಜ್ಜಿ ಕಥೆ ಹೇಳುವಾಗ ದೀಪದ ಬತ್ತಿ ಏರಿಸಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಯಾರಿಗೆ ಜ್ವರ, ಯಾರಿಗೆ ಹಸಿವು, ಯಾರು ಅತ್ತು ಬಂದಿದ್ದಾರೆ, ಕಥೆಯ ನಡುವೆಯೇ ಅವಳಿಗೆ ತಿಳಿಯುತ್ತಿತ್ತು. ನಾನು ಅವಳ ಮಾತನ್ನಷ್ಟೇ ಕಲಿತಿದ್ದೆ.

ಅವನು ಹೆದರಿದ ಹಾಗೆಯೇ ಆಯಿತು. ಕೆಟ್ಟದಾಗಿ ಯಾರೂ ನಡೆದುಕೊಳ್ಳಲಿಲ್ಲ. ಪ್ಯಾಕಿಂಗಿನಲ್ಲಿ ಕೂರಿಸುತ್ತೇವೆ ಎಂದರು. ಎರಡು ವಾರ ಕೂತ. ಅವನ ಮೇಜಿಗೆ ಹೊಸಬರು ಬಂದು, ಫಸ್ಟ್ ಪೀಸನ್ನು ಬೆಳಕಿಗೆ ಹಿಡಿಯದೆಯೇ ಸಹಿ ಹಾಕುವುದು ಅವನಿಗೆ ದೂರದಿಂದಲೇ ಹೇಗೋ ಗೊತ್ತಾಗುತ್ತಿತ್ತು. "ಗೇಜ್ ಇಡೋ ಸಪ್ಪಳಾನ ಬರಲಿಲ್ಲಲೇ," ಎನ್ನುತ್ತಿದ್ದ. ಮೂರನೇ ವಾರ, ಅಕ್ಕನ ಊರು ಗಂಗಾವತಿಗೆ ಹೋಗುತ್ತೇನೆ, ಅವಳದೊಂದು ಚಹಾದಂಗಡಿ ಇದೆ, ಎಂದ. ನಾನು, ಮಂಜುಳಾ ಎಷ್ಟು ಹೇಳಿದರೂ ಕೇಳಲಿಲ್ಲ.

ಬೆಳಗಿನ ಬಸ್ಸಿಗೆ ಜಾಲಹಳ್ಳಿ ಕ್ರಾಸಿನಲ್ಲಿ ನಿಂತೆವು. ಅವನ ಚೀಲ ನನ್ನ ಕೈಯಲ್ಲಿತ್ತು. ಬಸ್ಸೊಂದು ಬಂದು ನಿಂತಾಗ, ಪಕ್ಕದಲ್ಲಿ ಗಂಟು ಹೊತ್ತು ನಿಂತಿದ್ದ ಹೆಂಗಸೊಬ್ಬಳು, ಅವನಿಗಿಂತ ಹಿರಿಯಳು, ಅವನ ತೋಳು ತಟ್ಟಿ ಕೇಳಿದಳು: "ಯಪ್ಪಾ, ಬೋರ್ಡಿನ ಮ್ಯಾಲ ಏನ ಬರದಾರ ನೋಡೋ."

ಓದಿ ಹೇಳಲು ನಾನು ಬಾಯಿ ತೆರೆದೆ. ಶಂಕ್ರಪ್ಪ ನನ್ನ ಕೈ ಅದುಮಿ ತಡೆದ.

"ನಂಗ ಕಣ್ಣ ಕಾಣೂದಿಲ್ಲಬೇ ಯಕ್ಕಾ," ಅಂದ.

ಅಷ್ಟು ತಿಂಗಳಲ್ಲಿ ಅವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಹೌದಾ? ನಂಗ ಓದಾಕ ಬರೂದಿಲ್ಲ. ಛಲೋ ಜೋಡಿ ಆತು ನಡಿ," ಎಂದು ಅವಳು ನಕ್ಕಳು. ಇಬ್ಬರೂ ಸೇರಿ ಕಂಡಕ್ಟರನ್ನು ಕೂಗಿ ಕೇಳಿದರು. ಗಂಗಾವತಿ, ಗಂಗಾವತಿ, ಎಂದ ಅವನು. ಅವಳು ಮೊದಲು ಹತ್ತಿ ಕೈ ಕೊಟ್ಟಳು. ನಾನು ಚೀಲ ಒಳಗಿಟ್ಟು ಇಳಿದೆ. ಕಿಟಕಿಯ ಪಕ್ಕ ಅವಳನ್ನು ಕೂರಿಸಿ ಶಂಕ್ರಪ್ಪ ಈಚೆ ಕೂತ. ಬಸ್ಸು ಹೊರಟಾಗ ಅವಳು ರಸ್ತೆ ಕಡೆ ಬೆರಳು ತೋರಿಸಿ ಏನನ್ನೋ ಹೇಳುತ್ತಿದ್ದಳು. ಅವನು ತಲೆ ಅಡ್ಡಡ್ಡ ಆಡಿಸಿ, ಮೊದಲೆಲ್ಲ ನನ್ನ ಜೊತೆ ತೆಗೆಯುತ್ತಿದ್ದ ಹಾಗೆ, ಏನೋ ಜಗಳ ತೆಗೆದಿದ್ದ.