ಮುಚ್ಚಳದೊಳಗಿನ ಪೆನ್ಸಿಲ್ ಬರಹ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನನ್ನ ಅಕ್ಕನ ಗಂಡನಿಗೆ ಆದದ್ದನ್ನು ಕೇಳಿಯೂ ಯಾರಾದರೂ ತಣ್ಣಗೆ ಕೂತಿರಬಲ್ಲರಾದರೆ ಅವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಭಾವ ಇಪ್ಪತ್ತಾರು ವರ್ಷದಿಂದ ಒಂದು ಸರ್ವಿಸ್ ಕಂಪನಿಯಲ್ಲಿ ಏಸಿ ಮೆಕ್ಯಾನಿಕ್. ಬೇಸಿಗೆಯಲ್ಲಿ ತಂಪು ಗಾಳಿ ಬಿಡುವ ಯಂತ್ರವೇ ಚಳಿಗಾಲದಲ್ಲಿ ಬಿಸಿ ಗಾಳಿ ಹೇಗೆ ಬಿಡುತ್ತದೆ ಎಂದು ಊಟದ ಹೊತ್ತಿನಲ್ಲಿ ಯಾರಾದರೂ ಬಾಯಿ ತಪ್ಪಿ ಕೇಳಿದರೆ ಮುಗಿಯಿತು, ತಟ್ಟೆಯಲ್ಲಿದ್ದದ್ದು ಆರಿ ಹೋಗುವವರೆಗೂ ವಿವರಿಸುತ್ತಾರೆ. ಕೆಲಸ ಮುಗಿದ ಮೇಲೆ ಏಸಿಯ ಮುಂದಿನ ಮುಚ್ಚಳ ಎತ್ತಿ, ಅದರ ಒಳಮೈಯಲ್ಲಿ ಪೆನ್ಸಿಲಿನಿಂದ ತಾರೀಕು, ಮಾಡಿದ ಕೆಲಸ, ಕೆಳಗೊಂದು ಸಹಿ ಹಾಕಿ ಬರುವುದು ಅವರ ಅಭ್ಯಾಸ. ಮುಂದೆ ಬರುವವನು ಕತ್ತಲಲ್ಲಿ ತಡಕಾಡಬಾರದಂತೆ.

ಇಷ್ಟು ಅಚ್ಚುಕಟ್ಟಿನ ಮನುಷ್ಯನಿಗೆ ಒಂದು ಜಂಬವೂ ಇತ್ತು. ತಾಮ್ರದ ಕೊಳವೆ ಕೂಡುವ ಕಡೆ ನಟ್ಟನ್ನು ಎಷ್ಟು ಬಿಗಿಯಬೇಕೆಂದು ಅಳೆದು ಹೇಳುವ ಸ್ಪ್ಯಾನರ್ ಬರುತ್ತದೆ. ಕಂಪನಿ ಕೊಟ್ಟ ಆ ಸ್ಪ್ಯಾನರ್ ಚೀಲದ ತಳದಲ್ಲಿ ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಬಿದ್ದಿತ್ತು. "ನನ್ನ ಕೈಗೇ ಗೊತ್ತಾಗುತ್ತೆ ಬಿಡು" ಅನ್ನುತ್ತಿದ್ದರು.

'ಗ್ಯಾಸ್ ಖಾಲಿ' ಎಂಬ ಮಾತು ಕೇಳಿದರೆ ಮಾತ್ರ ಅವರಿಗೂ ನನ್ನ ಹಾಗೆ ಮೈ ಉರಿಯುತ್ತಿತ್ತು. "ಅದೇನು ಒಲೆ ಗ್ಯಾಸಾ, ಉರಿದು ಮುಗಿಯೋಕೆ? ಒಳಗೇ ಸುತ್ತುತ್ತಾ ಇರುತ್ತೆ. ಕಮ್ಮಿಯಾಗಿದೆ ಅಂದ್ರೆ ಎಲ್ಲೋ ಸೋರ್ತಿದೆ. ಸೋರೋ ಜಾಗ ಹುಡುಕದೆ ತುಂಬಿಸಿ ಬರೋದು ಹಾಡಹಗಲೇ ಮೋಸ." ಆದರೆ ಕಂಪನಿ ಒಂದು ಮನೆಗೆ ಕೊಡುತ್ತಿದ್ದದ್ದೇ ಮುಕ್ಕಾಲು ಗಂಟೆ. ಅಷ್ಟರಲ್ಲಿ ತುಂಬಿಸಬಹುದು, ಹುಡುಕಲಾಗದು.

ಕಳೆದ ಬೇಸಿಗೆಯಲ್ಲಿ ಅವರನ್ನು ಒಬ್ಬ ನಿವೃತ್ತ ಟೀಚರಮ್ಮನ ಮನೆಗೆ ಕಳಿಸಿದರು. ಮೂರನೆಯ ಮಹಡಿ. ಗಂಡ ಹಾಸಿಗೆ ಹಿಡಿದಿದ್ದಾರೆ. ಸೆಕೆ ಹೆಚ್ಚಾದರೆ ಬೆನ್ನಿನ ತುಂಬ ಹುಣ್ಣು. ಮೂರು ಬೇಸಿಗೆಯಿಂದ ಕಂಪನಿಯ ಬೇರೆ ಬೇರೆ ಮಹಾನುಭಾವರು ಬಂದು ಗ್ಯಾಸ್ ತುಂಬಿಸಿ ಹೋಗಿದ್ದರು. ಈ ಸಲ ಮ್ಯಾನೇಜರು ಭಾವನಿಗೆ ಮೊದಲೇ ಹೇಳಿದ್ದ: "ಹಳೇ ಮಷೀನು. ರಿಪೇರಿ ಆಗಲ್ಲ ಅಂತ ಬರೆದುಬಿಡಿ. ಹೊಸದು ತಗೋತಾರೆ."

ಭಾವ ಬಾಲ್ಕನಿಯಲ್ಲಿ ಕೂತು ನಟ್ಟುಗಳಿಗೆಲ್ಲ ಸೋಪಿನ ನೊರೆ ಹಚ್ಚಿದರು. ಒಂದು ಕಡೆ ಗುಳ್ಳೆ ಎದ್ದಿತು. ಬಿಚ್ಚಿ ನೋಡಿದರೆ, ಅತಿಯಾಗಿ ಬಿಗಿದು ಕೊಳವೆಯ ತುಟಿ ಕೂದಲೆಳೆಯಷ್ಟು ಸೀಳಿತ್ತು. ಬಿಗಿದ ಪುಣ್ಯಾತ್ಮ ಯಾರೆಂದು ಒಳಗೆ ಬಂದು ಮುಚ್ಚಳ ಎತ್ತಿದರು. ನಾಲ್ಕು ವರ್ಷದ ಹಿಂದಿನ ತಾರೀಕು, 'ಹೊರಗಿನ ಯಂತ್ರ ಜಾಗ ಬದಲಿಸಿದೆ, ನಟ್ಟು ಬಿಗಿದೆ', ಕೆಳಗೆ ಅವರದೇ ಸಹಿ.

ಬೇರೆಯವರಾಗಿದ್ದರೆ ಮುಚ್ಚಳ ಮುಚ್ಚಿ ಮನೆಗೆ ಬರುತ್ತಿದ್ದರು. ನಾನಂತೂ ಬರುತ್ತಿದ್ದೆ. ಭಾವ ಟೀಚರಮ್ಮನನ್ನು ಕರೆದು, "ಮೇಡಂ, ಇದು ನಾನೇ ಕೆಡಿಸಿದ್ದು. ನಿಮ್ಮ ಮಷೀನು ಚೆನ್ನಾಗಿದೆ" ಅಂದರು. ಸೀಳಿದ ತುಟಿ ಕತ್ತರಿಸಿ, ಕೊಳವೆಯ ಬಾಯನ್ನು ಹೊಸದಾಗಿ ಅಗಲಿಸಿ, ಅಳತೆಯ ಸ್ಪ್ಯಾನರಿನ ಪ್ಲಾಸ್ಟಿಕ್ಕು ಅವತ್ತು ಹರಿದು ಅದರಿಂದಲೇ ನಟ್ಟು ಬಿಗಿದರು. ಮೂರು ಗಂಟೆಯ ಕೆಲಸ. ಕೊನೆಗೆ ಮುಚ್ಚಳದೊಳಗೆ ಬರೆದರು: 'ಹಿಂದಿನ ಸಲ ನಟ್ಟು ಹೆಚ್ಚು ಬಿಗಿದದ್ದು ನನ್ನ ತಪ್ಪು. ಅಲ್ಲಿಂದಲೇ ಸೋರುತ್ತಿತ್ತು. ಸರಿಮಾಡಿದೆ.'

ಟೀಚರಮ್ಮ ಖುಷಿಯಾಗಿ ಕಂಪನಿಗೆ ಫೋನು ಮಾಡಿ, ಇಂಥ ಪ್ರಾಮಾಣಿಕ ಮನುಷ್ಯನನ್ನು ನೋಡೇ ಇಲ್ಲ ಎಂದು ಹೊಗಳಿದರು. ಆ ಹೊಗಳಿಕೆಯೇ ಭಾವನ ಕುತ್ತಿಗೆಗೆ ಬಂತು.

"ತಪ್ಪು ನಮ್ಮದು ಅಂತ ಬರೆದುಕೊಡೋಕೆ ನಿಮಗೆ ಯಾರ್ರೀ ಹೇಳಿದ್ದು?" ಎಂದ ಮ್ಯಾನೇಜರು. "ಒಂದು ವಾರದಲ್ಲಿ ಅದನ್ನ ಅಳಿಸಿ ಫೋಟೋ ತೋರಿಸಿ. ಇಲ್ಲಾಂದ್ರೆ ಕೆಲಸಕ್ಕೆ ಬರಬೇಡಿ."

ಕಣ್ಣಿಗೆ ಮಣ್ಣೆರಚಿ ಗ್ಯಾಸ್ ತುಂಬಿಸಿದವರು ಮೂವರೂ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದಾರೆ, ನಿಜ ಬರೆದವನಿಗೆ ಬಾಗಿಲು ತೋರಿಸುತ್ತಿದ್ದಾರೆ. ಐವತ್ಮೂರನೆಯ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ? ಅಕ್ಕ ಗೋಗರೆದಳು. ಭಾವನದು ಒಂದೇ ಮಾತು: "ಅಳಿಸಿದ್ರೆ ಮುಂದೆ ಬರೋನಿಗೆ ಹೇಗೆ ಗೊತ್ತಾಗುತ್ತೆ?"

ಆರನೆಯ ದಿನ ನಾನು ಮಗಳ ಜಾಮೆಟ್ರಿ ಬಾಕ್ಸಿನಿಂದ ರಬ್ಬರ್ ತೆಗೆದುಕೊಂಡು ಟೀಚರಮ್ಮನ ಮನೆಗೆ ಹೋದೆ. ಕಂಪನಿಯಿಂದ ಬಂದಿದ್ದೇನೆ ಎಂದು ಸುಳ್ಳು ಹೇಳಿದೆ. ಕೋಣೆ ತಂಪಾಗಿತ್ತು. ಅವರ ಗಂಡ ಮಗ್ಗುಲಾಗಿ ಮಲಗಿ ನಿದ್ದೆ ಮಾಡುತ್ತಿದ್ದರು; ಬೆನ್ನಿನ ಹುಣ್ಣುಗಳು ಒಣಗಿದ್ದವು. ಟೀಚರಮ್ಮ ನನಗೆ ಚಹಾ ಮಾಡಲು ಒಳಗೆ ಹೋದರು. ನಾನು ಸ್ಟೂಲು ಹತ್ತಿ, ಮುಚ್ಚಳ ಎತ್ತಿ, ಭಾವನ ದುಂಡನೆಯ ಅಕ್ಷರಗಳನ್ನು ಒಂದೂ ಬಿಡದೆ ಉಜ್ಜಿದೆ. ಫೋಟೋ ತೆಗೆದು ಅಕ್ಕನ ಫೋನಿನಿಂದ ಮ್ಯಾನೇಜರಿಗೆ ಕಳಿಸಿದೆವು.

ಮರುದಿನ ಅವನು ಭಾವನ ಬೆನ್ನು ತಟ್ಟಿ, "ಈಗ ಬುದ್ಧಿ ಬಂತು ನೋಡಿ" ಎಂದನಂತೆ. ಭಾವ ಅಕ್ಕನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಬಾಯಿ ಬಿಡಿಸಿ, ಅಂಗಡಿಗೆ ಹೋಗಿ ಅಳಿಸಲಾಗದ ಮಾರ್ಕರ್ ಕೊಂಡರು. ಅಲ್ಲಿಂದ ನೇರ ಮೂರನೆಯ ಮಹಡಿಗೆ ಹೋಗಿ ಅದೇ ಜಾಗದಲ್ಲಿ ಅದೇ ಮಾತು ಬರೆದರು. ಆ ಫೋಟೋವನ್ನು ತಾವೇ ಮ್ಯಾನೇಜರಿಗೆ ತೋರಿಸಿದರು. ಸಂಜೆಗೆ ಕೆಲಸ ಹೋಗಿತ್ತು.

ಕೆಲಸ ಹೋದವರು ಬೇರೆ ಕೆಲಸ ಹುಡುಕಬೇಕೋ ಬೇಡವೋ? ಇವರು ಇಪ್ಪತ್ತಾರು ವರ್ಷದಲ್ಲಿ ತಾವು ಕೈಯಳತೆಯಲ್ಲಿ ನಟ್ಟು ಬಿಗಿದ ಮನೆಗಳನ್ನೆಲ್ಲ ನೆನಪು ಮಾಡಿಕೊಂಡು ಒಂದೊಂದಾಗಿ ಹತ್ತಿ ಇಳಿಯತೊಡಗಿದರು. ಬಿಟ್ಟಿಯಾಗಿ! ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಈಗೀಗ ಜನ ಕೆಲಸಕ್ಕೆ ಕರೆಯುತ್ತಿದ್ದಾರೆ, ಅದು ಬೇರೆ ಮಾತು. ಅಕ್ಕನ ಮನೆ ಹೇಗೋ ನಡೆಯುತ್ತಿದೆ. ನನ್ನ ಜೊತೆ ಮಾತ್ರ ಅವರು ಅಳೆದು ತೂಗಿ ಮಾತಾಡುತ್ತಿದ್ದರು. ಒಂದು ಸಲ ಬೈದಿದ್ದರೂ ನಾನು ಎದುರುತ್ತರ ಕೊಟ್ಟು ಹಗುರಾಗುತ್ತಿದ್ದೆ.

ಹೋದ ಭಾನುವಾರ ಚೀಲ ಹೆಗಲಿಗೇರಿಸಿ ನಮ್ಮ ಮನೆಗೇ ಬಂದರು. ನಮ್ಮ ಏಸಿಯನ್ನೂ ಅವರೇ ಕೂರಿಸಿದ್ದು. ನೊರೆ ಹಚ್ಚಿದರು, ಗುಳ್ಳೆ ಏಳಲಿಲ್ಲ. ಮುಚ್ಚಳ ಎತ್ತಿ ನನ್ನ ಕೈಗೆ ಕೊಟ್ಟು, ಹಳೆಯ ಪೆನ್ಸಿಲ್ ಸಾಲುಗಳ ಕೆಳಗೆ ಮಾರ್ಕರಿನಿಂದ ತಾರೀಕು ಬರೆದರು. 'ನಟ್ಟು ನೋಡಿದೆ. ಸರಿಯಿದೆ.' ಆಮೇಲೆ ಚೀಲದಿಂದ ಒರೆಸುವ ಬಟ್ಟೆ ತೆಗೆದು ನನ್ನತ್ತ ಚಾಚಿದರು.

"ಇದನ್ನ ಅಳಿಸು ನೋಡೋಣ."

"ಭಾವ, ತಪ್ಪಾಯ್ತು," ಅಂದೆ.

"ಹಾಗಾದ್ರೆ ಅದನ್ನೂ ಬರಿ," ಎಂದು ಮಾರ್ಕರನ್ನು ನನ್ನ ಕೈಗಿಟ್ಟರು.