ಹಸಿವಿಲ್ಲ ಅಂದ ಪೇಂಟರ್

ಒಂದು ಕಾಲದಲ್ಲಿ ಪೇಂಟರ್ ಊಟಕ್ಕೆ ಕೂತರೆ ಜೊತೆಯ ಕೆಲಸದವರು ತಮ್ಮ ಡಬ್ಬಿಗಳನ್ನು ಬಚ್ಚಿಡುತ್ತಿದ್ದರು. ಇವನಿಗೆ ಸಂಬಳ ಕೊಡಬಹುದು, ಊಟ ಹಾಕುವುದು ಮಾತ್ರ ಯಾರಪ್ಪನಿಂದಲೂ ಆಗದು ಎಂದು ಮೇಸ್ತ್ರಿ ಛೇಡಿಸುತ್ತಿದ್ದ. ಒಂದು ದಿನ ಪೇಂಟರ್ ಗೋಡೆಗೆ ಬಣ್ಣ ಬಳಿಯುವಾಗ ಕಾಲಡಿಯ ಹಲಗೆ ಜಾರಿ ಬಿದ್ದ, ಬೆನ್ನುಹುರಿ ಹೋಯಿತು. ಸೊಂಟದ ಕೆಳಗಿನದೇನೂ ಅವನ ಮಾತು ಕೇಳದಂತಾಯಿತು. ಈಗ ಗಾಲಿಕುರ್ಚಿಯಲ್ಲಿ ಬಾಗಿಲ ಬಳಿ ಕೂತು ಬೈಕುಗಳ ನಂಬರ್ ಪ್ಲೇಟು ಬರೆಯುತ್ತಾನೆ.

ಹೆಂಡತಿ ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುತ್ತಾಳೆ. ಮನೆಗೆ ಬಂದರೆ ಇವನನ್ನು ಎತ್ತುವ ಕೆಲಸ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ, ಮತ್ತೆ ಹಾಸಿಗೆಗೆ. ಒಂದು ಸಂಜೆ ಎತ್ತುವಾಗ ಅವಳ ಸೊಂಟ ಉಳುಕಿ ಇಬ್ಬರೂ ನೆಲಕ್ಕೆ ಕುಸಿದರು. ಅವಳು ನಕ್ಕಳು. ಆದರೆ ಕಣ್ಣಲ್ಲಿ ನೀರು ಬಂದಿತ್ತು.

ಅವತ್ತಿನಿಂದ ಪೇಂಟರ್‌ಗೆ ಹಸಿವು ಮಾಯ. ಮಾಯವಾಗಿದ್ದು ಹೆಂಡತಿಯ ಲೆಕ್ಕದಲ್ಲಿ ಮಾತ್ರ, ಹೊಟ್ಟೆಯೇನೋ ಚುರುಗುಟ್ಟುತ್ತಲೇ ಇತ್ತು. ಮೈ ಇಳಿದರೆ ಅವಳಿಗೆ ಭಾರ ಕಡಿಮೆ, ತಿನ್ನುವುದು ಕಡಿಮೆಯಾದರೆ ತೊಳೆಯುವುದೂ ಕಡಿಮೆ. ಪುಣ್ಯಾತ್ಮನಿಗೆ ಹೊಳೆದ ಉಪಾಯ ನೋಡಿ!

ಆದರೆ ಕೂತು ಕೂತು ಆದ ಹುಣ್ಣು ಮಾಯಲಿಲ್ಲ. ಮೈಗೆ ಅನ್ನ ಹತ್ತದಿದ್ದರೆ ಆರುವುದಿಲ್ಲ, ಮೂಳೆಗೆ ಇಳಿದರೆ ಜೀವಕ್ಕೇ ಕುತ್ತು ಎಂದು ನರ್ಸ್ ಬೈದಳು. ಹೆಂಡತಿ ದಣಿದು ಬಂದರೂ ಅವನಿಗಿಷ್ಟವಾದದ್ದನ್ನೇ ಬೇಯಿಸಿಟ್ಟಳು. ಅವನು ಎರಡು ತುತ್ತು ಕೆದಕಿ, "ಯಾಕೋ ಸೇರ್ತಿಲ್ಲ ಕಣೇ" ಎಂದು ತಟ್ಟೆ ಸರಿಸಿದ.

ಇಂಥದ್ದರಲ್ಲಿ ಆಸ್ಪತ್ರೆಯವರು ಬೆನ್ನುಹುರಿಗೆ ಪೆಟ್ಟಾದವರನ್ನೂ ಮನೆಯವರನ್ನೂ ಒಂದು ಸಭೆಗೆ ಕರೆದರು. ನಿಮ್ಮ ಊಟದ ಬಗ್ಗೆ ಸಂಶೋಧನೆ ಆಗಬೇಕು, ಎಲ್ಲವನ್ನೂ ಒಟ್ಟಿಗೆ ಹಿಡಿಯಲಾಗದು, ಯಾವುದು ಮೊದಲು ಎಂದು ಅನುಭವಿಸುವ ನೀವೇ ಹೇಳಿ ಎಂದರು ಡಯಟೀಶಿಯನ್ ಮೇಡಂ. ಗೋಡೆಯ ಮೇಲೆ ಒಂದೊಂದು ಪ್ರಶ್ನೆಗೆ ಒಂದೊಂದು ಹಾಳೆ. ಮಲಬದ್ಧತೆ, ಬೊಜ್ಜು, ಮೂಳೆ ಸವೆತ. ಎಲ್ಲರ ಕೈಗೂ ಬಣ್ಣದ ಸ್ಟಿಕ್ಕರು ಕೊಟ್ಟಿದ್ದರು, ಮುಖ್ಯ ಅನ್ನಿಸಿದ್ದರ ಮೇಲೆ ಅಂಟಿಸಬೇಕು. ಪೇಂಟರ್‌ನ ಹೆಂಡತಿ ಬೇರೆ ಹಾಳೆಗಳತ್ತ ತಿರುಗಿಯೂ ನೋಡಲಿಲ್ಲ. ತನ್ನವಷ್ಟನ್ನೂ, ಅವನ ಕೈಲಿದ್ದವನ್ನೂ ಕಿತ್ತುಕೊಂಡು, 'ಹಸಿವು ಯಾಕೆ ಕಡಿಮೆಯಾಗುತ್ತದೆ' ಎಂಬ ಹಾಳೆಗೆ ಮೆತ್ತಿದಳು.

"ಇದನ್ನೇ ಮೊದ್ಲು ಹಿಡೀರಿ ಮೇಡಂ," ಎಂದಳು. "ಏನ್ ಮಾಡಿ ಬಡಿಸಿದ್ರೂ ಇವ್ರಿಗೆ ಸೇರಲ್ಲ. ನನ್ ಕೈ ರುಚಿನೇ ಕೆಟ್ಟೋಯ್ತೇನೋ ಅಂತ ಪಕ್ಕದ್ಮನೆಯಿಂದ ಕೇಳಿ ತಂದೂ ಹಾಕಿದೀನಿ."

ಅವಳು ಇನ್ನೊಬ್ಬರ ಬಾಗಿಲಿಗೆ ತಟ್ಟೆ ಹಿಡಿದು ಹೋಗಿದ್ದು ಅವನಿಗೆ ಗೊತ್ತೇ ಇರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿತು. ತನ್ನ ಸುಳ್ಳಿನ ಬೆನ್ನು ಹತ್ತಿ ಇನ್ನು ಡಾಕ್ಟರುಗಳೂ ಹೊರಡುತ್ತಾರೆ.

"ಹಸಿವಾಗುತ್ತೆ ಮೇಡಂ," ಎಂದ. "ಚೆನ್ನಾಗೇ ಆಗುತ್ತೆ. ನಾನೇ ತಿನ್ನಲ್ಲ. ಎತ್ತೋಳು ಇವಳೊಬ್ಬಳೇ."

ಹೆಂಡತಿ ತಿರುಗಿದಳು. "ನನ್ನನ್ನ ಒಂದ್ ಮಾತು ಕೇಳಬಾರ್ದಿತ್ತಾ?"

"ಕೇಳಿದ್ರೆ ನೀನು ತಿನ್ನಿ ಅಂತಿದ್ದೆ."

"ಹಿಂಗೇ ಸತ್ತೋಗಿದ್ರೆ? ಆಗ ಹೊರೋಕೆ ಹಗುರ ಆಗ್ತಿದ್ರಿ, ಅಲ್ವಾ?"

ಅವಳ ಮಾತಿನಲ್ಲಿ ಸಿಟ್ಟು ಎಷ್ಟಿತ್ತೋ ಸಂಕಟವೂ ಅಷ್ಟೇ ಇತ್ತು. ಹಾಳೆಯ ಮೇಲಿನ ಸ್ಟಿಕ್ಕರುಗಳನ್ನು ಉಗುರಿನಿಂದ ಕೆರೆದು ಕೀಳತೊಡಗಿದಳು. ಕಿತ್ತು ಎಲ್ಲಿ ಹಚ್ಚುವುದು? ಇಂಥ ಹಸಿವಿಗೊಂದು ಹಾಳೆಯೇ ಇರಲಿಲ್ಲ. ಮೇಡಂ ಖಾಲಿ ಹಾಳೆಯೊಂದನ್ನು ತಂದು ಅಂಟಿಸಿದರು.

"ಏನಂತ ಬರೀಲಮ್ಮ?"

"ಮನೆಯವ್ರಿಗೆ ಭಾರ ಆಗ್ಬಾರ್ದು ಅಂತ ಎಷ್ಟ್ ಜನ ಹಸ್ಕೊಂಡಿದಾರೆ, ಅದನ್ನ ಕೇಳಿ."

ಮೇಡಂ ಬರೆದರು. ಬರೆದು, ಸಭೆಯತ್ತ ತಿರುಗಿ, ಅದನ್ನೇ ಮೆಲ್ಲಗೆ ಕೇಳಿದರು. ಆಮೇಲೆ ಹಿಂದಿನ ಸಾಲಿನ ಗಾಲಿಕುರ್ಚಿಯಲ್ಲಿದ್ದ ವಯಸ್ಸಾದ ಮೇಷ್ಟ್ರೊಬ್ಬರು ಕೈ ಎತ್ತಿದರು.

"ಅಪ್ಪಾ, ನೀವೂನಾ?" ಎಂದಳು, ಅವರ ಕುರ್ಚಿ ಹಿಡಿದು ನಿಂತಿದ್ದ ಮಗಳು.